ಪಿಟೀಲಿನೊಳಗಿನ ಗಿಲಕಿ

ಗುಡ್ಡದ ಹಾವಿನ ಬಿಲಕ್ಕೆ ಸಿಮೆಂಟು ಮೆತ್ತಿ ಬಂದ ದಿನ ವರ್ಲಿನ್ ಯುದ್ಧ ಗೆದ್ದವನ ಹಾಗೆ ಮೀಸೆ ತಿರುವಿದ್ದ. ಆಗ ಬೇಸಿಗೆ. ಬಾಲ ಅಲ್ಲಾಡಿಸಿ ಸದ್ದು ಮಾಡುವ ಮೊಂಟಾನಾದ ವಿಷದ ಗಿಲಕಿ ಹಾವುಗಳೆಲ್ಲ ಇಲಿ ಹುಡುಕಿಕೊಂಡು ಬಯಲಿಗೆ ಇಳಿದಿದ್ದವು.

"ಚಳಿ ಬಿದ್ಮೇಲೆ ಅವು ಎಲ್ಲಿಗೆ ಹೋಗ್ಬೇಕೋ ಮಾರಾಯ?" ಎಂದು ಅವನ ತಾಯಿ ಹುಲ್ಡಾ ಕೇಳಿದ್ದಳು.

"ಎಲ್ಲಾದ್ರೂ ಹಾಳಾಗಿ ಹೋಗ್ಲಿ. ಅವಕ್ಕೆ ಜಾಗ ಹುಡ್ಕೋದು ನನ್ ಕೆಲ್ಸನಾ?"

ಈಗ ಚಳಿ ಬಂದಿತ್ತು. ಎಷ್ಟು ದೂರ ಹೋಗಿದ್ದರೂ ಆ ಹಾವುಗಳು ಚಳಿಗಾಲಕ್ಕೆ ತಮ್ಮ ಹಳೆಯ ಬಿಲಕ್ಕೇ ಮರಳುತ್ತವೆ. ಬಿಲ ಮುಚ್ಚಿದ್ದರಿಂದ ಬೆಚ್ಚಗಿನ ಜಾಗ ಹುಡುಕುತ್ತ ಮನೆಯತ್ತ ಬರುತ್ತಿದ್ದವು. ಕೊಟ್ಟಿಗೆಯಲ್ಲಿ ಒಂದು, ಸೌದೆ ರಾಶಿಯಡಿ ಇನ್ನೊಂದು ಕಂಡ ಮೇಲೆ ವರ್ಲಿನ್‌ನ ಹೆಂಡತಿ ಓರ್ಲಾ ಹಾಸಿಗೆ ಕೊಡವದೆ ಮಲಗುತ್ತಿರಲಿಲ್ಲ.

ಅವಳ ಜೀವವೆಲ್ಲ ಪುಟ್ಟ ಮಗಳು ಟಿಲ್ಲಿಯ ಮೇಲೆ. ಆ ಮಗುವಿಗೆ ಗಿಲಕಿಯ ಸದ್ದೆಂದರೆ ಭಯವೇ ಇಲ್ಲ. ಆ ಕಡೆ ಪಿಟೀಲು ಬಾರಿಸುವವರು, ನಾದ ಚೆನ್ನಾಗಿ ಬರುತ್ತದೆಂದು, ಸತ್ತ ಹಾವಿನ ಬಾಲದ ಗಿಲಕಿಯನ್ನು ಪಿಟೀಲಿನ ಹೊಟ್ಟೆಯೊಳಗೆ ಹಾಕಿಡುತ್ತಾರೆ. ವರ್ಲಿನ್ ಹಾಗೆ ಗಿಲಕಿ ತುಂಬಿದ ತನ್ನ ಪಿಟೀಲನ್ನು ಅಲ್ಲಾಡಿಸಿಯೇ ಮಗಳ ಅಳು ನಿಲ್ಲಿಸುತ್ತಿದ್ದ. ಓರ್ಲಾ ಬೈದರೆ, "ನನ್ ಮಗ್ಳು ಕಣೇ, ನಿನ್ ಹಾಗೆ ಪುಕ್ಕಲಿ ಅಲ್ಲ" ಎಂದು ನಗುತ್ತಿದ್ದ.

ಆ ಮಧ್ಯಾಹ್ನ ಓರ್ಲಾ ಬಟ್ಟೆ ಒಣಹಾಕಿ ತಿರುಗಿದರೆ ಟಿಲ್ಲಿ ಇಲ್ಲ. ಆಲೂಗಡ್ಡೆ ಇಡುವ ನೆಲಮಾಳಿಗೆಯ ಬಾಗಿಲು ಅರ್ಧ ತೆರೆದಿತ್ತು.

"ಅಮ್ಮಾ, ಅಪ್ಪನ ಪಿಟೀಲು ಇಲ್ಲಿದೆ!" ಒಳಗಿನಿಂದ ಮಗುವಿನ ದನಿ ಬಂತು. ಅದರ ಹಿಂದೆಯೇ ಗಿಲಕಿಯ ಸದ್ದು.

ಓರ್ಲಾ ಓಡಿದಳು. ಮಗು ಕೊನೆಯ ಮೆಟ್ಟಿಲ ಮೇಲೆ ನಿಂತು ಆಲೂಗಡ್ಡೆ ರಾಶಿಯತ್ತ ಬಗ್ಗಿ ನೋಡುತ್ತಿತ್ತು. ರಾಶಿಯ ಮೇಲೆ ಹಾವುಗಳು ಸುರುಳಿ ಸುತ್ತಿ ಮಲಗಿದ್ದವು, ಒಂದರ ತಲೆ ಮೇಲೆದ್ದಿತ್ತು. ಕಿರುಚಿದರೆ ಮಗು ಬೆಚ್ಚಿ ಮುಂದಕ್ಕೆ ಬೀಳುತ್ತದೆ. ಓರ್ಲಾ ಮುದ್ದಿನ ದನಿ ತಂದುಕೊಂಡಳು.

"ಚಿನ್ನಾ, ಸೇಬಿನ ಪೈ ಬಿಸಿಬಿಸಿ ಇದೆ. ಮೆಲ್ಲಗೆ ಹತ್ತಿ ಬಾ."

"ಪಿಟೀಲು ತರ್ಲಾ?"

"ಬೇಡ ಕಂದ. ಅಪ್ಪ ತರ್ತಾನೆ."

ಮಗು ಒಂದೊಂದೇ ಮೆಟ್ಟಿಲು ಹತ್ತಿತು. ಕೈಗೆ ಸಿಕ್ಕಿದ್ದೇ ತಡ, ಓರ್ಲಾ ಅದನ್ನು ಅವುಚಿಕೊಂಡು ಕುಸಿದು ಕೂತು ಊರಿಗೆಲ್ಲ ಕೇಳುವಂತೆ ಕಿರುಚಿ ಅತ್ತಳು. ಅಮ್ಮ ಹಾಗೆ ಅತ್ತದ್ದನ್ನು ಟಿಲ್ಲಿ ಎಂದೂ ನೋಡಿರಲಿಲ್ಲ.

ವರ್ಲಿನ್ ಬಂದೂಕು ಹಿಡಿದು ಓಡಿಬಂದ. ಹುಲ್ಡಾ ಅದನ್ನು ಕಿತ್ತುಕೊಂಡು ಅವನ ಕೈಗೆ ಹಾರೆ ಕೊಟ್ಟಳು.

"ಎಷ್ಟನ್ನ ಹೊಡೀತೀಯೋ? ಗುಡ್ಡದ್ದೆಲ್ಲಾ ಇಲ್ಲಿಗೇ ಬರ್ತಿವೆ. ಮೊದ್ಲು ಹೋಗಿ ಆ ಬಿಲ ತೆಗಿ."

ಅವನು ಹಾರೆ ಹೆಗಲಿಗೇರಿಸಿ ಗುಡ್ಡ ಹತ್ತಿದ. ನೆಲಮಾಳಿಗೆಯ ಬಾಗಿಲನ್ನು ಹಾವು ಹೋಗಲೆಂದು ತೆರೆದೇ ಬಿಟ್ಟು, ಹೆಂಗಸರು ಮಗುವಿನೊಂದಿಗೆ ಮನೆಯೊಳಗೆ ಸೇರಿ ಅಗುಳಿ ಹಾಕಿಕೊಂಡರು. ಸಂಜೆಯವರೆಗೂ ಗುಡ್ಡದಿಂದ ಹಾರೆಯ ಸದ್ದು ಕೇಳುತ್ತಿತ್ತು. ಬಂದವನೇ ವರ್ಲಿನ್ ಪಿಟೀಲನ್ನು ತಲೆಕೆಳಗು ಮಾಡಿ ಗಿಲಕಿಗಳನ್ನೆಲ್ಲ ಒಲೆಗೆ ಉದುರಿಸಿದ. ಹೆಂಡತಿಯ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಊಟದ ಹೊತ್ತಿಗೆ ಹುಲ್ಡಾ ಕಬ್ಬಿಣದ ಬಾಣಲೆಗೆ ಒಣ ಕಾಳು ಸುರಿದಳು. ಗಿಲಕಿಯ ಹಾಗೆ ಗಲಗಲ ಸದ್ದಾಯಿತು. ಟಿಲ್ಲಿ ತಟಕ್ಕನೆ ಎರಡೂ ಕಾಲು ಕುರ್ಚಿಯ ಮೇಲೆಳೆದುಕೊಂಡು ಅಮ್ಮನ ತೋಳು ಹಿಡಿದಳು.

ಓರ್ಲಾ ಅವಳನ್ನು ಮಡಿಲಿಗೆ ಎತ್ತಿಕೊಂಡಳು. ಮಗು ಗಡಗಡ ನಡುಗುತ್ತಿತ್ತು. ಮಗಳು ಕೊನೆಗೂ ಆ ಸದ್ದಿಗೆ ಹೆದರಿದ್ದಳು; ಎಷ್ಟೋ ದಿನಗಳ ನಂತರ ಓರ್ಲಾಗೆ ಹೋದ ಜೀವ ಬಂದಂತಾಯಿತು.