ಇಪ್ಪತ್ತೆರಡನೇ ಸಾಲಿನ ಕೈ

ನಮ್ಮ ಬಯಲು ರಂಗಮಂದಿರ ಇರುವುದು ಒಂದು ಹಳೆಯ ಕಲ್ಲುಕ್ವಾರಿಯಲ್ಲಿ. ಅಜ್ಜ ಅಲ್ಲಿ ಕಲ್ಲು ಒಡೆಯುತ್ತಿದ್ದ. ಒಂದು ದಿನ ಅಜ್ಜಿ ಗುಂಡಿಯ ತಳದಲ್ಲಿ ನಿಂತು, ತನ್ನಷ್ಟಕ್ಕೆ ತಾನೇ ಗಂಡನನ್ನು ಬೈದುಕೊಂಡಳಂತೆ. ಮೇಲೆ ಅಂಚಿನಲ್ಲಿ ಕೂತಿದ್ದ ಅಜ್ಜನಿಗೆ ಒಂದೊಂದು ಬೈಗುಳವೂ ಬಿಡಿಬಿಡಿಯಾಗಿ ಕೇಳಿಸಿತು. ಬೇರೆ ಗಂಡಸಾಗಿದ್ದರೆ ಜಗಳಕ್ಕೆ ಇಳಿಯುತ್ತಿದ್ದ. ಅಜ್ಜ, "ಇನ್ನೊಂದ್ಸಲ ಬಯ್ಯೇ, ಇನ್ನೂ ಮೆಲ್ಲಗೆ" ಅಂದನಂತೆ. ನಮ್ಮ ಮನೆತನದ ನಾಟಕ ಶುರುವಾದದ್ದು ಹಾಗೆ.

ಒಳ್ಳೆಯ ಕಲ್ಲು ಮುಗಿದ ಮೇಲೆ ಆ ಗುಂಡಿ ಯಾರಿಗೂ ಬೇಡವಾಯಿತು. ಅಜ್ಜ ಇಳಿಜಾರಿನಲ್ಲಿ ಇಪ್ಪತ್ತೆರಡು ಸಾಲು ಮೆಟ್ಟಿಲು ಕಡಿದ. ಹಿಂದಿನ ಬಂಡೆಯೇ ಪರದೆ, ಇಳಿಬಿಸಿಲೇ ದೀಪ. ನಾಲ್ಕು ಗಂಟೆಗೆ ಆಟ ಶುರು, ಹೊತ್ತು ಮುಳುಗುವುದರೊಳಗೆ ಮುಗಿಯಬೇಕು. ಮೈಕು ಕೂಡದು.

ಮೈಕಿಲ್ಲದ್ದಕ್ಕೆ ಒಂದು ಕಟ್ಟಳೆ ಮಾಡಿದ್ದ. ಜನರನ್ನು ಒಳಗೆ ಬಿಡುವ ಮುಂಚೆ ಪಾತ್ರಧಾರಿಗಳು ಒಬ್ಬೊಬ್ಬರಾಗಿ ರಂಗದ ನಡುವೆ ನಿಂತು ತಮ್ಮ ಮೊದಲ ಮಾತು ಆಡಬೇಕು. ಮನೆಯವರೊಬ್ಬರು ಇಪ್ಪತ್ತೆರಡನೇ ಸಾಲಿನಲ್ಲಿ ಕೂತಿರಬೇಕು, ಕೇಳಿಸಿದರೆ ಕೈ ಎತ್ತಬೇಕು. ಕೈ ಏಳದಿದ್ದರೆ ಆ ದಿನ ಅವರಿಗೆ ಪಾತ್ರವಿಲ್ಲ. ಅಜ್ಜನಿಗೇ ಒಮ್ಮೆ ಗಂಟಲು ಕಟ್ಟಿದ್ದಾಗ ಅಜ್ಜಿ ಕೈ ಎತ್ತದೆ ಮನೆಗೆ ಕಳಿಸಿದ್ದಳು.

ಇಪ್ಪತ್ತು ವರ್ಷ ಆ ಕೈ ನನ್ನದಾಗಿತ್ತು. ನನಗೆ ನಟನೆ ಬರುವುದಿಲ್ಲ. ಮೆಟ್ಟಿಲು ಗುಡಿಸುತ್ತೇನೆ, ಗೇಟು ಕಾಯುತ್ತೇನೆ, ಮುರಿದದ್ದನ್ನು ರಿಪೇರಿ ಮಾಡುತ್ತೇನೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಇವನು ಯಾರ ಮುಲಾಜೂ ನೋಡಲ್ಲ, ಇವನೇ ಸರಿ" ಎಂದು ಅಪ್ಪನೇ ನನ್ನನ್ನು ಅಲ್ಲಿ ಕೂರಿಸಿದ. ಅಕ್ಕನಿಗೆ ನಾನು ಮೂರು ಸಲ ಕೈ ಎತ್ತಿಲ್ಲ. ಒಮ್ಮೆಯಂತೂ ಅವಳು ಬಣ್ಣ ಹಚ್ಚಿ ಒಡವೆ ತೊಟ್ಟು ನಿಂತಿದ್ದಳು. ಆ ವಾರವಿಡೀ ನನಗೆ ಊಟ ಬಡಿಸಲಿಲ್ಲ, ಪಾತ್ರೆ ಕುಕ್ಕಿ ಹೋಗುತ್ತಿದ್ದಳು.

ಎರಡು ವರ್ಷದ ಹಿಂದೆ ಅಮ್ಮ ಸತ್ತಳು. ಅಪ್ಪ ಮಾತು ಬಿಟ್ಟ, ಊಟ ಬಿಟ್ಟ. ತಿಂಗಳ ಮೇಲೆ ಆಟ ಶುರುವಾದಾಗ ಮಾತ್ರ ಎದ್ದು, ಗಡ್ಡ ಬಾಚಿ, ಮುದಿರಾಜನ ನಿಲುವಂಗಿ ತೊಟ್ಟ. ರಂಗದ ನಡುವೆ ನಿಂತು ಬಲಗೈ ಮುಂದೆ ಚಾಚಿ ಮಾತಾಡಿದ.

ನನಗೆ ಕೇಳಿಸಿದ್ದು ಎಲೆಗಳ ಸದ್ದು ಮಾತ್ರ.

ಅಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದ. ಇವನನ್ನೀಗ ಮನೆಗೆ ಕಳಿಸಿದರೆ ಮತ್ತೆ ಗೋಡೆ ಕಡೆ ತಿರುಗಿ ಮಲಗುತ್ತಾನೆ, ಆಮೇಲೆ ಏಳುವುದಿಲ್ಲ ಅನ್ನಿಸಿತು. ಕೈ ಎತ್ತಿದೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ಆ ನಾಳೆ ಬರಲೇ ಇಲ್ಲ.

ಹಿಂದಿನ ಸಾಲಿನವರು ಮುಂದೆ ಬಂದು ಕೂರತೊಡಗಿದರು. ಆಮೇಲೆ ಬರುವುದನ್ನೇ ಬಿಟ್ಟರು. ಒಬ್ಬ ದರ್ಜಿ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, "ಅಲ್ಲಾ, ಯಜಮಾನರು ಹೇಳೋದು ಒಂದಕ್ಷರ ಕೇಳಿಸಲ್ವಲ್ಲ" ಅಂದ. "ಕಿವಿ ತೊಳ್ಕೊಂಡು ಬನ್ನಿ" ಅಂದೆ. ಮೂವತ್ತು ವರ್ಷ ಬಂದ ಮನುಷ್ಯ, ಮತ್ತೆ ಬರಲಿಲ್ಲ.

ಅಕ್ಕ ಒಂದು ದಿನ ಅಡುಗೆಮನೆಯಲ್ಲಿ ಕೇಳಿದಳು. "ನಿಜ ಹೇಳೋ. ಅಪ್ಪನ ಮಾತು ನಿನಗೆ ಕೇಳಿಸ್ತಿದೆಯಾ? ನಿಮ್ಮ ಭಾವ ಆ ಪಾತ್ರ ಬಾಯಿಪಾಠ ಮಾಡ್ಕೊಂಡಿದ್ದಾರೆ."

"ಓಹೋ, ಗಂಡನಿಗೆ ಕಿರೀಟ ಬೇಕಾ? ನೆಟ್ಟಗೆ ಹೇಳು" ಅಂದೆ.

ಅವಳ ಕಣ್ಣು ತುಂಬಿತು. ಮತ್ತೆ ಕೇಳಲಿಲ್ಲ. ಸುಳ್ಳು ನನ್ನದು, ಬೈಸಿಕೊಂಡವಳು ಅವಳು.

ಈ ವರ್ಷ ಒಂದು ಆಟದ ದಿನ ಅಪ್ಪ ಎಂದಿನಂತೆ ನಡುವೆ ನಿಂತ. ಗಡ್ಡ ಅಲ್ಲಾಡಿತು, ಬಲಗೈ ಮುಂದೆ ಬಂತು. ಕೈ ಎತ್ತಿದೆ. ಅಪ್ಪ ಅಲ್ಲಿಂದ ಕದಲಲಿಲ್ಲ. ಇನ್ನೊಮ್ಮೆ ಗಡ್ಡ ಅಲ್ಲಾಡಿತು. ಇನ್ನೂ ಮೇಲೆ ಎತ್ತಿದೆ. ರಂಗದ ಅಂಚಿನಲ್ಲಿ ತನ್ನ ಸರದಿಗೆ ಕಾದು ನಿಂತಿದ್ದ ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಅಪ್ಪ ನಿಲುವಂಗಿ ಎತ್ತಿ ಹಿಡಿದು ಮೆಟ್ಟಿಲು ಹತ್ತತೊಡಗಿದ. ಐದೈದು ಸಾಲಿಗೆ ನಿಂತು ಉಸಿರು ತೆಗೆದುಕೊಂಡು ಬಂದು ನನ್ನ ಪಕ್ಕ ಕೂತ. ಹತ್ತಿರ ಕೂತರೆ ಅವನ ಮಾತು ತಿಳಿಯುತ್ತಿತ್ತು. ಒಣಗಿದ ಎಲೆ ಉಜ್ಜಿದ ಹಾಗಿತ್ತು.

"ನಾನೇನು ಹೇಳಿದೆ?"

"ಅದೇ... ರಾಜನ ಮೊದಲನೇ ಮಾತು."

"ಬಾಯಿ ಮಾತ್ರ ಆಡಿಸ್ದೆ ಕಣೋ. ದನಿ ತೆಗೀಲೇ ಇಲ್ಲ."

ಯಾರ ಮುಂದೆಯೂ ತಗ್ಗದ ನನ್ನ ತಲೆ ತಗ್ಗಿತು.

"ಎಷ್ಟು ದಿನದಿಂದ?"

"ಅಮ್ಮ ಹೋದಾಗಿಂದ."

ಅಪ್ಪ ಖಾಲಿ ಸಾಲುಗಳನ್ನು ನೋಡಿದ. "ಗಂಟಲು ಆಗಲೇ ನೋಯ್ತಿತ್ತು. ನಿನ್ನ ಕೈ ಏಳ್ತಿದೆಯಲ್ಲ, ಏನೂ ಆಗಿಲ್ಲ ಅಂತ ಸುಮ್ಮನಿದ್ದೆ."

ಆ ದಿನ ಭಾವ ರಾಜನಾದ.

ಮರುದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಗಂಟಲೊಳಗೆ ಬೆಳಕು ಬಿಟ್ಟು ನೋಡಿ, ದನಿ ಇಳಿದು ಎಷ್ಟು ದಿನವಾಯಿತು ಎಂದು ಕೇಳಿದರು. "ಎರಡು ವರ್ಷ" ಅಂದೆ. "ಆಗಲೇ ಬಂದಿದ್ದರೆ..." ಅಂದು ಅಪ್ಪನ ಮುಖ ನೋಡಿ ನಿಲ್ಲಿಸಿದರು. ಗಂಟಲಲ್ಲಿದ್ದ ಗಡ್ಡೆ ದೂರದವರೆಗೆ ಬೇರು ಬಿಟ್ಟಿತ್ತು. ಆಪರೇಷನ್ ಮಾಡುವ ಕಾಲ ಮೀರಿತ್ತು.

ಈಗ ಇಪ್ಪತ್ತೆರಡನೇ ಸಾಲಿನಲ್ಲಿ ಅಕ್ಕನ ಮಗಳು ಕೂರುತ್ತಾಳೆ. ನೀನು ಬೇಡ ಎಂದು ನನಗೆ ಯಾರೂ ಹೇಳಲಿಲ್ಲ. ಹೇಳಿಸಿಕೊಳ್ಳುವ ಮುಂಚೆ ನಾನೇ ಬಿಟ್ಟೆ. ಆಟದ ದಿನ ಅಪ್ಪನ ಮಂಚದ ಪಕ್ಕ ಇರುತ್ತೇನೆ. ಮೊನ್ನೆ ಅವನ ಬೆನ್ನು ಒರೆಸುತ್ತಿದ್ದೆ. ಏನೋ ಹೇಳಿದ. ಬೈಗುಳವೋ ಸಮಾಧಾನವೋ ಗೊತ್ತಾಗಲಿಲ್ಲ. ಬಾಯಿಗೆ ಕಿವಿ ಇಟ್ಟೆ. ಬರೀ ಬಿಸಿಯುಸಿರು. ತಲೆಯಾಡಿಸಿಬಿಡೋಣ ಎಂದು ಒಂದು ಗಳಿಗೆ ಅನ್ನಿಸಿತು.

"ಕೇಳಿಸ್ಲಿಲ್ಲ ಅಪ್ಪ" ಅಂದೆ.

ಅಪ್ಪ ನನ್ನನ್ನೇ ನೋಡಿದ. ಮತ್ತೆ ಹೇಳುವುದಕ್ಕೆ ಅವನಲ್ಲಿ ಶಕ್ತಿ ಇರಲಿಲ್ಲ.