ಕೀಳದೆ ಬಿಟ್ಟ ಮೂಲಂಗಿ

ಟೈಲರ್ ಅಕ್ಕನ ಹಿತ್ತಲಲ್ಲಿ ಮೂಲಂಗಿ ಬಲಿತು ಹೂಬಿಟ್ಟಿತ್ತು. ಅವಳು ಮಾತ್ರ ಒಂದನ್ನೂ ಕಿತ್ತಿರಲಿಲ್ಲ.

ಆ ಮನೆಯಲ್ಲಿ ಮೂಲಂಗಿ ಬೀಜವನ್ನೂ ಕ್ಯಾರೆಟ್ ಬೀಜವನ್ನೂ ಒಂದೇ ಮುಷ್ಟಿಯಲ್ಲಿ ಕಲಸಿ ಒಂದೇ ಸಾಲಿಗೆ ಬಿತ್ತುವುದು ಅಮ್ಮನ ಕಾಲದಿಂದ ಬಂದದ್ದು. ಕ್ಯಾರೆಟ್ ಮಹಾ ಸೋಮಾರಿ, ಮೊಳೆಯಲು ಮೀನಮೇಷ ಎಣಿಸುತ್ತದೆ. ಮೂಲಂಗಿಗೋ ತಡವೇ ಗೊತ್ತಿಲ್ಲ. ಗಟ್ಟಿ ನೆಲವನ್ನು ಒಡೆದು ಮೊದಲು ತಲೆ ಎತ್ತಿ ಹಿಂದೆ ಬರುವ ಕ್ಯಾರೆಟ್‌ಗೆ ದಾರಿ ಮಾಡುತ್ತದೆ. ಅದನ್ನು ಹೊತ್ತಿಗೆ ಸರಿಯಾಗಿ ಕಿತ್ತರೆ ಆ ಜಾಗದಲ್ಲಿ ಕ್ಯಾರೆಟ್ ದಪ್ಪಗಾಗುತ್ತದೆ. ಇದನ್ನೆಲ್ಲ ನೋಡಿಯೇ ಅಮ್ಮ ನಿಧಾನದ ದೊಡ್ಡ ಮಗಳಾದ ಈ ಅಕ್ಕನನ್ನು ಕ್ಯಾರೆಟ್ಟು ಅಂತಲೂ ಅವಸರದ ಚಿಕ್ಕ ಮಗಳನ್ನು ಮೂಲಂಗಿ ಅಂತಲೂ ಕರೆಯುತ್ತಿದ್ದಳು. ಅಮ್ಮ ಹೋದ ಮೇಲೂ ಹೆಸರು ಉಳಿದವು.

ಆ ಹೆಸರೇ ಮುಳುವಾಯಿತು ನೋಡಿ. ಕಳೆದ ವರ್ಷ ಪಕ್ಕದ ಮನೆಯ ಡ್ರೈವರಣ್ಣ ಗೋಡೆಯಾಚೆ ನಿಂತು ತನ್ನ ಕ್ಯಾರೆಟ್ ಯಾಕೆ ಬೆಳೆಯುತ್ತಿಲ್ಲ ಅಂತ ಕೇಳಿದ್ದ. "ಮೂಲಂಗಿ ಜಾಗ ಖಾಲಿ ಮಾಡಿದ್ರೇನೇ ಕ್ಯಾರೆಟ್ ಉದ್ಧಾರ ಆಗೋದು" ಅಂದಳು ಅಕ್ಕ. ಬೇಕರಿ ಕೆಲಸ ಮುಗಿಸಿ ಬಂದ ತಂಗಿ ಹಿತ್ತಲ ಬಾಗಿಲಲ್ಲೇ ನಿಂತಿದ್ದಳು. ಹಿಂದಿನ ದಿನವಷ್ಟೇ ಹೊಲಿಗೆ ಮೆಷಿನ್‌ಗೆ ಜಾಗ ಸಾಲದು ಅಂತ ಇಬ್ಬರಿಗೂ ಜಗಳವಾಗಿತ್ತು. ಮೂಲಂಗಿ ಅಂದದ್ದು ತನ್ನನ್ನೇ ಅಂದುಕೊಂಡಳು ತಂಗಿ. ಬಟ್ಟೆ ಕಟ್ಟಿಕೊಂಡು ಬೇಕರಿಯ ಮೇಲಿನ ಕೋಣೆಗೆ ಹೊರಟುಹೋದಳು.

ಕರೆಯಲು ಹೋದಾಗ, ಮೂಲಂಗಿ ಅಂದರೆ ಮೂಲಂಗಿಯೇ ಕಣೇ ಅಂತ ಅಕ್ಕ ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗ ಮೆಷಿನ್‌ಗೆ ಬೇಕಾದಷ್ಟು ಜಾಗವಿತ್ತು. ತಂಗಿ ಮಲಗುತ್ತಿದ್ದ ಆ ಖಾಲಿ ಮೂಲೆಗೆ ಬೆನ್ನು ಹಾಕಿಯೇ ಅಕ್ಕ ಹೊಲಿಯುತ್ತಿದ್ದಳು. ಬೀದಿಯಲ್ಲಿ ಯಾರಾದರೂ ಸರಸರ ನಡೆದರೂ ತಂಗಿಯೇ ಬಂದಳೇನೋ ಅಂತ ಅವಳ ಕಾಲು ಪೆಡಲ್ ಮೇಲೆ ನಿಂತುಬಿಡುತ್ತಿತ್ತು.

ಈ ಸಲವೂ ಎರಡನ್ನೂ ಕಲಸಿ ಬಿತ್ತಿದಳು. ಕೀಳುವ ಕಾಲ ಬಂದಾಗ ಮಾತ್ರ ಕೈ ಏಳಲಿಲ್ಲ. ಕ್ಯಾರೆಟ್ ಸತ್ತೇಹೋಗುತ್ತೆ ಅಂತ ಡ್ರೈವರಣ್ಣ ಬೈದ. ಸಾಯಲಿ ಬಿಡಿ ಅಂದಳು. ಅವನಿಗೆ ತಡೆಯಲಾಗಲಿಲ್ಲ, ಬೇಕರಿಗೆ ಹೋದವನು ನಿಮ್ಮಕ್ಕನಿಗೆ ತಲೆಕೆಟ್ಟಿದೆ, ಮೂಲಂಗಿಗೆ ಕೈ ಹಾಕಲು ಬಿಡುತ್ತಿಲ್ಲ ಅಂತ ಹೇಳಿ ಬಂದ.

ಸಂಜೆ ತಂಗಿ ಬಂದಳು. ಮೈಕೈಯೆಲ್ಲ ಮೈದಾಹಿಟ್ಟು. ನೇರ ಹಿತ್ತಲಿಗೆ ಹೋಗಿ ಒಂದು ಕ್ಯಾರೆಟ್ ಎಳೆದು ನೋಡಿದಳು. ದಾರದಷ್ಟು ಸಣ್ಣಗಿತ್ತು.

"ನಿನ್ನ ಕ್ಯಾರೆಟ್ ಉದ್ಧಾರ ಆಗ್ಲೇ ಇಲ್ವಲ್ಲೇ."

"ಯಾರಿಗೆ ಬೇಕಿತ್ತು?" ಅಂದಳು ಅಕ್ಕ.

ತಂಗಿ ಹೂಗಳ ನಡುವೆ ಕೂತು ಮೂಲಂಗಿಯ ಎಳೆಯ ಕಾಯೊಂದನ್ನು ಮುಟ್ಟಿ ನೋಡಿದಳು.

"ಗೆಡ್ಡೆ ಬೆಂಡಾಗೋಗಿದೆ, ಈಗ ಕಿತ್ತು ಏನೂ ಪ್ರಯೋಜನ ಇಲ್ಲ. ಬೀಜ ಆಗೋ ತನಕ ಮೂಲಂಗಿ ಇಲ್ಲೇ ಇರ್ಲಿ."

ಯಾವ ಮೂಲಂಗಿ ಅಂತ ಅಕ್ಕ ಕೇಳಲಿಲ್ಲ. ಒಳಗೆ ಹೋಗಿ, ಆ ಮೂಲೆಯಲ್ಲಿ ಹಾಸಿಗೆ ಹಾಸುವಷ್ಟು ಜಾಗವಾಗಲೆಂದು ಮೆಷಿನ್ನನ್ನು ಗೋಡೆಯ ಕಡೆಗೆ ಸರಿಸತೊಡಗಿದಳು.