ಟೇಪಿನ ತುದಿಯಲ್ಲಿ ಬಿದ್ದ ಗೀರು

ನನ್ನ ಅಕ್ಕ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಗಾಲ್ಫ್ ಹಿಡಿದಳು. ಹಿಡಿದದ್ದನ್ನು ಬಿಡುವ ಜಾಯಮಾನ ಅವಳದಲ್ಲ. ಅವಳು ಹೊಡೆದ ಚೆಂಡು ಗೆರೆ ಎಳೆದಂತೆ ಹೋಗುತ್ತಿತ್ತು. ಕಳೆದ ವರ್ಷ ಅವಳ ಬೆನ್ನುಮೂಳೆಗೆ ಸ್ಕ್ರೂ ಹಾಕಿದರು. ಆಡಬಹುದು ಎಂದು ಡಾಕ್ಟರು ಹೇಳಿದ ದಿನವೇ ಮೈದಾನಕ್ಕೆ ಓಡಿದಳು. ಆದರೆ ಚೆಂಡು ಮಾತು ಕೇಳಲಿಲ್ಲ. ಹೊಡೆದಾಗಲೆಲ್ಲ ಬಲಕ್ಕೆ ಹೋಗಿ ಪೊದೆ ಸೇರತೊಡಗಿತು.

ನಾನು ಚೆಂಡು ಹೊಡೆಯುವ ಗಾಲ್ಫ್ ಕ್ಲಬ್ಬುಗಳನ್ನು ರಿಪೇರಿ ಮಾಡುವವನು. ಒಂದು ಬೆಳಿಗ್ಗೆ ಭಾವ ನನ್ನ ವರ್ಕ್‌ಶಾಪಿಗೆ ಬಂದು ಸ್ಟೂಲಿನ ಮೇಲೆ ಕುಸಿದರು.

"ನಿಮ್ಮಕ್ಕನಿಗೆ ಸ್ವಲ್ಪ ಬುದ್ಧಿ ಹೇಳಪ್ಪಾ. ನಾನು ಹೇಳಿದ್ರೆ ಗೋಡೆಗೆ ಹೇಳಿದ ಹಾಗೆ. ಮೊದಲಿನ ಹಾಗೇ ಬಗ್ಗಬೇಕಂತೆ, ದಿನಾ ಕನ್ನಡಿ ಮುಂದೆ ನಿಂತು ಬಗ್ತಾಳೆ. ಆಮೇಲೆ ಹಲ್ಲು ಕಚ್ಚಿಕೊಂಡು ಮಲಗಿರ್ತಾಳೆ."

ನಾನು ಅಕ್ಕನಿಗೆ ಫೋನ್ ಮಾಡಿ ಕ್ಲಬ್ ತಗೊಂಡು ಬಾ ಎಂದೆ.

"ಕ್ಲಬ್ಬಿಗೇನು ಧಾಡಿ? ಇಷ್ಟು ವರ್ಷ ನೆಟ್ಟಗೇ ಹೊಡೆದಿದೆ. ಕೆಟ್ಟಿರೋದು ನಾನು," ಎಂದು ಫೋನಿಟ್ಟಳು. ಆದರೂ ಸಂಜೆ ಬಂದಳು.

ಕ್ಲಬ್ಬಿನ ತಳಕ್ಕೆ ಟೇಪ್ ಅಂಟಿಸಿ, ಗಟ್ಟಿ ಪ್ಲಾಸ್ಟಿಕ್ ಹಲಗೆಯ ಮೇಲೆ ಚೆಂಡಿಟ್ಟು ಹೊಡೆಸಿದೆ. ತಳ ಸಮನಾಗಿ ತಾಗಿದರೆ ಟೇಪಿನ ನಡುವೆ ಗೀರು ಬೀಳುತ್ತದೆ. ಅವಳದು ತುದಿಯಲ್ಲಿ ಬಿದ್ದಿತ್ತು.

"ನೀನೀಗ ಮೊದಲಿಗಿಂತ ನೆಟ್ಟಗೆ ನಿಲ್ತೀಯ, ಕೈ ಮೇಲೆ ಬಂದಿದೆ," ಎಂದೆ. "ಕೋಲು ಮೇಲೆದ್ರೆ ಅದರ ಪಕ್ಕದಲ್ಲಿರೋ ಕ್ಲಬ್ಬಿನ ಹಿಮ್ಮಡಿನೂ ಏಳುತ್ತೆ, ಆಚೆ ತುದಿ ನೆಲ ಕಚ್ಚುತ್ತೆ. ಆಗ ಅದರ ಮುಖ ಬಲಕ್ಕೆ ವಾಲುತ್ತೆ, ಚೆಂಡೂ ಆ ಕಡೆಗೇ ಹೋಗುತ್ತೆ. ಕೋಲಿನ ಕೋನ ಒಂಚೂರು ಬದಲಾಯಿಸಿದ್ರೆ ತಳ ಮತ್ತೆ ಸಮನಾಗಿ ಕೂರುತ್ತೆ."

ಅಕ್ಕ ಆ ಗೀರಿನ ಮೇಲೆ ಉಗುರಾಡಿಸಿದಳು.

"ಅಂದ್ರೆ ಈ ಬೆನ್ನು ಇನ್ನು ಇಷ್ಟೇನಾ?"

"ಡಾಕ್ಟರು ಏನಂದ್ರು?"

"ಇಷ್ಟೇ ಅಂದ್ರು. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ."

ನಾನು ಒರೆಸಿದ್ದ ಮೇಜನ್ನೇ ಮತ್ತೆ ಒರೆಸಿದೆ. ಅವಳು ಕಿಟಕಿಯತ್ತ ತಿರುಗಿದಳು.

"ಬೆನ್ನು ನೆಟ್ಟಗಿಟ್ಕೊಳ್ರೋ ಅಂತ ಮಕ್ಕಳ ಮೇಲೆ ಎಷ್ಟು ಅರಚಿದ್ದೀನಿ! ಈಗ ನನಗೇ ಬಂತು ನೋಡು." ನಕ್ಕಳು, ಕಣ್ಣು ತುಂಬಿತ್ತು. "ಬಗ್ಗಿಸು. ನನ್ನನ್ನಂತೂ ಬಗ್ಗಿಸೋಕಾಗಲ್ಲ."

ಕ್ಲಬ್ಬಿನ ತಲೆಯನ್ನು ಯಂತ್ರಕ್ಕೆ ಬಿಗಿದು, ಅದರ ಕುತ್ತಿಗೆಗೆ ಸರಳು ಹಾಕಿ ಮೆಲ್ಲಗೆ ಒತ್ತಿದೆ. ಅಳೆದೆ, ಮತ್ತೆ ಒತ್ತಿದೆ.

ಮರುದಿನ ಮೂವರೂ ಮೈದಾನಕ್ಕೆ ಹೋದೆವು. ಅಕ್ಕ ಹೊಡೆದಳು. ಚೆಂಡು ಎಡಗಡೆ ಬೇಲಿಗೆ ಬಡಿಯಿತು.

"ಪಾಪ, ಎಡಗಡೆಯವರಿಗೂ ಒಂದು ಪಾಲು ಬೇಡವೇ," ಎಂದರು ಭಾವ.

"ಇದ್ದದ್ದನ್ನೂ ಹಾಳು ಮಾಡಿಟ್ಟೆಯಲ್ಲೋ!" ಅಕ್ಕ ನನ್ನ ಮೇಲೆ ರೇಗಿದಳು.

ನಾನು ಅವಳ ಪಾದ ನೋಡಿದೆ. ಇನ್ನೊಂದು ಕ್ಲಬ್ಬನ್ನು ಅವಳ ಎರಡೂ ಕಾಲ್ಬೆರಳ ತುದಿಗೆ ತಾಗಿಸಿ ನೆಲದ ಮೇಲೆ ಮಲಗಿಸಿದೆ. ಅದು ಬೇಲಿಯನ್ನೇ ತೋರಿಸುತ್ತಿತ್ತು.

"ಚೆಂಡು ಬಲಕ್ಕೆ ಹೋಗುತ್ತೆ ಅನ್ನೋ ಹೆದರಿಕೆಗೆ ನೀನು ಎಡಕ್ಕೆ ತಿರುಗಿ ನಿಲ್ಲೋದು ರೂಢಿ ಮಾಡ್ಕೊಂಡಿದ್ದೀಯ."

"ನಾನು ನೇರಾನೇ ನಿಂತಿದ್ದೀನಿ ಕಣೋ."

"ಕೆಳಗೆ ನೋಡು."

ನೋಡಿದಳು. ಪಾದ ತಿರುಗಿಸಿದಳು. "ಹೀಗೆ ನಿಂತ್ರೆ ಪೊದೆಗೇ ಹೊಡೆದ ಹಾಗೆ ಅನ್ಸುತ್ತೆ," ಎಂದು ಗೊಣಗುತ್ತಲೇ ಹೊಡೆದಳು. ಚೆಂಡು ನೇರವಾಗಿ ಹೋಯಿತು. ಉರುಳಿ ನಿಲ್ಲುವವರೆಗೂ ಅವಳು ಕಣ್ಣು ಕೀಳಲಿಲ್ಲ.

"ಮೊದಲಿನಷ್ಟು ದೂರ ಹೋಗ್ಲಿಲ್ಲ."

"ಇಲ್ಲ."

"ಅದಕ್ಕೇನೂ ಮಾಡೋಕಾಗಲ್ವಾ?"

"ಅದು ನನ್ನ ಕೈಲಿಲ್ಲ ಅಕ್ಕಾ."

ತಲೆಯಾಡಿಸಿ ಇನ್ನೊಂದು ಚೆಂಡಿಟ್ಟಳು.

ಮುಂದಿನ ವಾರ ಭಾವನ ಜೊತೆ ಬಂದು ಉಳಿದ ಕ್ಲಬ್ಬುಗಳನ್ನೆಲ್ಲ ವರ್ಕ್‌ಶಾಪಿಗೆ ತಂದಳು. ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದವಳು, ಎಲ್ಲಕ್ಕಿಂತ ದೂರ ಹೊಡೆಯುವ ಉದ್ದನೆಯದೊಂದನ್ನು ವಾಪಸ್ ತೆಗೆದುಕೊಂಡಳು.

"ಇದೊಂದನ್ನ ಮೊದಲಿನ ಹಾಗೇ ಬಿಡು."

ಭಾವ ಏನೋ ಹೇಳಲು ಬಾಯಿ ತೆರೆದರು. ನಾನು ಬೇಡವೆಂದು ಕಣ್ಸನ್ನೆ ಮಾಡಿದೆ. ಅಕ್ಕ ಅದನ್ನು ತಾನೇ ಹಿಡಿದುಕೊಂಡು ಕಾರಿನತ್ತ ನಡೆದಳು.